ಏಳು ಟ್ಯೂಬುಗಳ ರಕ್ತ

೨೦೧೪ರ ನವೆಂಬರ್ ೧೮, ಬೆಳಿಗ್ಗೆ ಹತ್ತು ಗಂಟೆ. ಡೊಂಬಿವಲಿ ಠಾಣೆಗೆ ಬಂದ ಹೋಟೆಲ್ ಮಾಲೀಕ ವಸಂತಕುಮಾರ ಶೆಟ್ಟರು ಹೆಂಡತಿ ವಿನೋದಾ ಅವರ ಎರಡು ಥೈರಾಯ್ಡ್ ರಿಪೋರ್ಟುಗಳನ್ನು ಇನ್‌ಸ್ಪೆಕ್ಟರ್ ಮಹಾದೇವಪ್ಪನವರ ಮುಂದಿಟ್ಟರು.

"ಇದು ಹೋದ ವಾರ ಮನೆಗೆ ಬಂದು ರಕ್ತ ತಗೊಂಡು ಹೋದ ಲ್ಯಾಬಿನದ್ದು. ಹಾರ್ಮೋನು ವಿಪರೀತ ಹೆಚ್ಚುಂಟಂತೆ. ಸೆಪ್ಟೆಂಬರಿನಲ್ಲೂ ಹೀಗೇ ಬಂದಿತ್ತು, ಹಾರ್ಮೋನು ಕಮ್ಮಿ ಅಂತ ತಗೊಳ್ತಿದ್ದ ಮಾತ್ರೆ ಡಾಕ್ಟರು ನಿಲ್ಲಿಸಿದ್ರು. ಇದು ನಿನ್ನೆ ಆಸ್ಪತ್ರೆಯದ್ದು. ಹಾರ್ಮೋನು ಇಲ್ಲವೇ ಇಲ್ಲ ಅಂತಾರೆ. ಈಗ ಐಸಿಯುನಲ್ಲಿದ್ದಾಳೆ, ಕರೆದ್ರೆ ಓಗೊಡುದಿಲ್ಲ."

"ಮಾತ್ರಿ ಬಿಡಾಕ ಅವರು ಒಪ್ಪಿದ್ರೇನು?"

"ಇಲ್ಲ ಸರ್. ಬೇಕೇ ಬೇಕು ಅಂತ ಹಟ ಹಿಡಿದ್ಲು. ಡಬ್ಬಿ ನಾನೇ ಅಡಗಿಸಿಟ್ಟೆ."

FIR ದಾಖಲಾಯಿತು. ಮಧ್ಯಾಹ್ನ ಮಹಾಪೆಯಲ್ಲಿದ್ದ ಆ ಲ್ಯಾಬಿನಲ್ಲಿ ಪಂಚನಾಮೆ. ಯಂತ್ರದಲ್ಲಿ ದೋಷವಿರಲಿಲ್ಲ. ಆದರೆ ವಿನೋದಾ ಅವರ ರಕ್ತ ತೆಗೆದ ದಿನ ಡೊಂಬಿವಲಿಯ ಮನೆಗಳಿಂದ ಬಂದ ಏಳು ಜನರ ಫಲಿತಾಂಶವೂ ಹೆಚ್ಚುಕಡಿಮೆ ಒಂದೇ. ಫ್ರಿಜ್ಜಿನಲ್ಲಿ ಉಳಿದಿದ್ದ ಟ್ಯೂಬುಗಳ ರಕ್ತದ ಗುಂಪು ನೋಡಿಸಿದರು. ವಿನೋದಾ ಅವರದು ಓ ಪಾಸಿಟಿವ್. ಟ್ಯೂಬುಗಳಲ್ಲಿದ್ದದ್ದು ಏಳಕ್ಕೆ ಏಳೂ ಬಿ ನೆಗೆಟಿವ್. ಮಹಾದೇವಪ್ಪನವರು ಏಳಕ್ಕೂ ಸೀಲು ಹಾಕಿಸಿದರು.

ಮನೆಮನೆಗೆ ಹೋಗಿ ರಕ್ತ ತೆಗೆದು, ಆಮೇಲೆ ರಿಪೋರ್ಟನ್ನೂ ಮುಟ್ಟಿಸುತ್ತಿದ್ದ ಜಯಲತಾಳನ್ನು ಮರುದಿನ ಠಾಣೆಗೆ ಕರೆಸಿದರು. ಸೆಖೆಯಲ್ಲೂ ತುಂಬುತೋಳಿನ ಕುರ್ತಾ ತೊಟ್ಟಿದ್ದಳು.

"ಏಳು ಮಂದಿ ಹೆಸರು, ಒಬ್ಬರದೇ ರಕ್ತ. ಯಾರದವಾ ಅದು?"

ಜಯಲತಾ ಕುರ್ತಾದ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. ಕಾನ್‌ಸ್ಟೆಬಲ್ ಮುಕ್ತಾ ಅವಳ ತೋಳು ಮೇಲೆ ಸರಿಸಿ, "ಸಾಹೇಬ್, ಹೇ ಬಘಾ" ಎಂದು ತೋರಿಸಿದಳು. ಮೊಣಕೈ ಮಡಿಕೆಯ ತುಂಬ ಸೂಜಿಯ ಗಾಯ.

"ಮಾರ್ಚಿನಿಂದ ಕೈ ನಡುಗ್ತದೆ ಸರ್," ಎಂದಳು ಜಯಲತಾ. "ನಾಲ್ಕು ಹನಿ ಬರುದರೊಳಗೆ ಸೂಜಿ ಜಾರ್ತದೆ. ಇನ್ನೊಮ್ಮೆ ಚುಚ್ಚಿದ್ರೆ ಲ್ಯಾಬಿಗೆ ಫೋನ್ ಮಾಡ್ತಾರೆ. ಇನ್ನೊಂದು ಕಂಪ್ಲೇಂಟ್ ಬಂದ್ರೆ ಮನೆಗೆ ಹೋಗು ಅಂದಿದ್ರು. ರೈಲ್ವೆ ಸ್ಟೇಷನ್ನಿನ ಬಾತ್‌ರೂಮಿನಲ್ಲಿ ಕೂತು ನಂದೇ ತುಂಬಿಸಿದೆ. ನನಗೆ ಎಷ್ಟು ಸಲ ಚುಚ್ಚಿದ್ರೂ ಕೇಳುವವರಿಲ್ಲ ಅಲ್ವಾ."

ಬಂಧನವಾಯಿತು. ಅದೇ ಸಂಜೆ ವಿನೋದಾ ಕಣ್ಣು ಬಿಟ್ಟರೆಂದು ಶೆಟ್ಟರ ಫೋನು ಬಂತು.

ವೈದ್ಯಕೀಯ ತಪಾಸಣೆಯಲ್ಲಿ ಜಯಲತಾಳ ರಕ್ತದಲ್ಲೂ ಅದೇ ಅಂಕೆ ಬಂತು. ಲ್ಯಾಬು ಸುಳ್ಳು ಹೇಳಿರಲಿಲ್ಲ. ಥೈರಾಯ್ಡ್ ವಿಪರೀತವಾಗಿದ್ದದ್ದು ಅವಳಿಗೆ. ಕೈ ನಡುಕವೂ ಅದರದೇ, ಮಾತ್ರೆಯಲ್ಲಿ ಹತೋಟಿಗೆ ಬರುತ್ತಿತ್ತು ಎಂದರು ಸರ್ಕಾರಿ ಡಾಕ್ಟರು.

"ತಿಂಗಳುಗಟ್ಟಲೆ ಆ ರಿಪೋರ್ಟು ಮನಿಮನಿಗೆ ಮುಟ್ಟಿಸಿದಿ," ಮಹಾದೇವಪ್ಪನವರ ದನಿ ತಗ್ಗಿತ್ತು. "ನಿನಗ ಹೊಳೀಲಿಲ್ಲೇನವಾ?"

"ಅದರಲ್ಲಿ ಅವರ ಹೆಸರಿತ್ತಲ್ಲ ಸರ್."