ಕೇಳದ ಮಾತಿಗೂ ‘ಹೂಂ’

“ಮುಂದಿನವರು ಬನ್ನಿ... ಉದಯ, ಇಡಗುಂದಿ!”

ಕೂಗಿದ ಮೇಲೆಯೇ ಚೇತನಾ ಆ ಹೆಸರನ್ನು ಮತ್ತೊಮ್ಮೆ ಓದಿದಳು. ಶಿರಸಿಯ ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆಯ ಕೆಲಸಕ್ಕೆ ಸೇರಿ ಆರು ತಿಂಗಳು. ಎಷ್ಟೋ ಉದಯರು ಬಂದುಹೋಗಿದ್ದರು. ಇಡಗುಂದಿಯ ಉದಯ ಮಾತ್ರ ಒಬ್ಬನೇ!

ಬೆಂಚಿನ ಮೇಲಿದ್ದವನು ಕದಲಲಿಲ್ಲ. ಪಕ್ಕದಲ್ಲಿದ್ದ ಮುದುಕ ಕೆರಿಯಪ್ಪ ಮೊಣಕೈಯಿಂದ ತಿವಿದ.

“ಏಳೋ ತಮ್ಮಾ, ನಿನ್ನನ್ನೇ ಕರೀತಿದ್ದಾಳೆ! ನನಗೆ ಎಪ್ಪತ್ತು ದಾಟಿತು, ಕಿವಿ ಹೋದ್ರೆ ಹೆಂಡತಿ ಬೈಗುಳ ತಪ್ಪಿತು. ನಿನಗೆ ಎಂತ ಅವಸರ?”

ಉದಯ ತಲೆಯೆತ್ತಿದ. ಅವಳನ್ನು ಕಂಡವನೇ ಬಿಳಿಚಿಕೊಂಡ.

“ಚೇತನಾ... ನೀನಿಲ್ಲಿ?”

“ಒಳಗೆ ಕೂತ್ಕೊಳ್ಳಿ.”

‘ನೀನು’ ಎನ್ನಲು ನಾಲಿಗೆ ಏಳಲಿಲ್ಲ.

ಎರಡು ವರ್ಷದ ಹಿಂದಿನ ಮಾತು. ಅವಳು ಕಾಲೇಜಿನಲ್ಲಿದ್ದಳು, ಅವನು ಯಲ್ಲಾಪುರದ ಕಟ್ಟಿಗೆ ಮಿಲ್ಲಿನಲ್ಲಿ. ದಿನವೂ ಗಂಟೆಗಟ್ಟಲೆ ಫೋನು. ಅವಳು ಹೇಳಿದ್ದಕ್ಕೆಲ್ಲ ಅತ್ತಲಿಂದ ‘ಹೂಂ... ಹೂಂ...’

“ಭಾನುವಾರ ಗುಡ್ನಾಪುರದ ಕೆರೆ ಏರಿಗೆ ಬಾ, ಅಪ್ಪನನ್ನೂ ಕರ್ಕೊಂಡು ಬರ್ತೇನೆ” ಎಂದದ್ದಕ್ಕೂ ‘ಹೂಂ’ ಅಂದಿದ್ದ.

ಬರಲಿಲ್ಲ!

ಮೂರು ಬಸ್ಸು ಹೋಗುವವರೆಗೂ ಕಾದ ಅಪ್ಪ, ಪಂಚೆ ಕೊಡವಿ ಎದ್ದಿದ್ದ. ಅವಳು ಸಿಮ್ಮು ಮುರಿದು ಕೆರೆಗೆ ಎಸೆದಿದ್ದಳು.

ಈಗ ಅವನು ಗಾಜಿನ ಆಚೆ, ಸದ್ದು ಹೊಗದ ಪುಟ್ಟ ಕೋಣೆಯಲ್ಲಿ. ‘ಪೀಂ’ ಎಂದು ಕೇಳಿದಾಗ ಕೈಯಲ್ಲಿದ್ದ ಗುಂಡಿ ಒತ್ತಬೇಕು, ಆಗ ಇವಳ ಮುಂದೆ ದೀಪ ಹತ್ತುತ್ತದೆ.

ಎಡಗಿವಿಗೆ ಸದ್ದು ಬಿಟ್ಟಳು. ದೀಪ ಹತ್ತಿತು. ಸದ್ದು ಸಣ್ಣ ಮಾಡಿದಳು. ಆಗಲೂ ಹತ್ತಿತು. ಇರುವೆ ನಡೆದಷ್ಟು ಸಣ್ಣ ಸದ್ದಿಗೂ!

ಅವನ ಕಣ್ಣು ಸದ್ದು ಬಿಡುವ ಅವಳ ಬೆರಳ ಮೇಲೇ ನೆಟ್ಟಿತ್ತು.

ಸಂಶಯ ಬಂತು. ಸದ್ದು ಪೂರ್ತಿ ಬಂದ್ ಮಾಡಿ ಬೆರಳನ್ನಷ್ಟೇ ಅಲುಗಿಸಿದಳು.

ದೀಪ ಹತ್ತಿತು.

‘ದೇವರೇ... ಇದು ಅದೇ ಹೂಂ! ಅವತ್ತೂ ಇವನಿಗೆ ಕೇಳಿಸಿರಲಿಲ್ಲ...’

ಬಾಗಿಲು ತಳ್ಳಿ ಒಳಗೆ ಹೋದಳು.

“ಎಷ್ಟು ದಿನದಿಂದ ಹೀಗೆ?”

ಅವನು ತಲೆ ತಗ್ಗಿಸಿದ.

“ಮಿಲ್ಲಿನ ಗರಗಸದ ಗದ್ದಲದಲ್ಲಿ ನಿನ್ನ ದನಿ ಕೇಳಬೇಕಲ್ಲ... ಇಯರ್‌ಫೋನ್ ಎಡಗಿವಿಗೆ ಸಿಕ್ಕಿಸಿ ಪೂರಾ ಸೌಂಡ್ ಇಡ್ತಿದ್ದೆ, ಬಲಗಿವಿ ಸಾಹುಕಾರ ಕರೆದ್ರೆ ಕೇಳ್ಲಿ ಅಂತ. ನೀನು ಫೋನ್ ಇಟ್ಟ ಮೇಲೆ ಹಾಡು. ಆಮೇಲಾಮೇಲೆ ಕಿವಿಯೊಳಗೆ ಜೀರುಂಡೆ ಕೂಗೋಕೆ ಶುರುವಾಯ್ತು. ಅದು ಇನ್ನೂ ನಿಂತಿಲ್ಲ.”

“ಕೇಳ್ಸೂದಿಲ್ಲ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?”

“ಕಿವುಡನಿಗೆ ಯಾರು ಹೆಣ್ಣು ಕೊಡ್ತಾರೆ? ಹೂಂ ಅಂದ್ರೆ ನೀನು ಮಾತಾಡ್ತಾ ಇರ್ತಿದ್ದೆ... ಅಷ್ಟು ಸಾಕಾಗಿತ್ತು. ಒಂದಿನ ನಿನ್ನ ನಂಬರೇ ಸತ್ತುಹೋಯ್ತು. ಗೊತ್ತಾಗಿ ಬಿಟ್ಟು ಹೋದ್ಲು ಅಂದ್ಕೊಂಡೆ.”

ಅವಳು ಅವನ ಎಡಗಿವಿಯನ್ನೇ ನೋಡಿದಳು. ‘ನನ್ನ ದನಿಗಾಗಿ... ನನ್ನ ಹರಟೆಗಾಗಿ...’

“ಬಸ್ ಡ್ರೈವರ್ ಕೆಲಸ ಸಿಕ್ಕಿದೆ, ಚೇತನಾ. ಕಿವಿ ಪರೀಕ್ಷೆಯ ಚೀಟಿ ಒಂದು ಅಲ್ಲಿ ಕೊಡ್ಬೇಕು. ಕೇಳ್ತದೆ ಅಂತ ಬರೆದುಬಿಡು... ದಮ್ಮಯ್ಯ!”

ಅವಳು ಪೆನ್ನು ಎತ್ತಿಕೊಂಡಳು. ಘಟ್ಟದ ತಿರುವು, ಹಿಂದಿನಿಂದ ಹಾರ್ನು, ತುಂಬಿದ ಬಸ್ಸು... ಅಲ್ಲಿ ಯಾರ ಬೆರಳು ನೋಡಿ ‘ಹೂಂ’ ಅನ್ನುತ್ತಾನೆ?

ಪರೀಕ್ಷೆ ಮತ್ತೆ ಮಾಡಿದಳು. ಈ ಸಲ ಅವನನ್ನು ಗೋಡೆಗೆ ಮುಖಮಾಡಿ ಕೂರಿಸಿ. ಎಡಗಿವಿ ಮುಕ್ಕಾಲು ಹೋಗಿತ್ತು. ಬಲಗಿವಿ ಪರವಾಗಿಲ್ಲ. ಇದ್ದದ್ದನ್ನೇ ಬರೆದಳು.

ಓದಿದ ಅವನು ಚೀಟಿ ಮಡಚಿ ತೊಡೆಯ ಮೇಲಿಟ್ಟುಕೊಂಡ.

“ಕೆಲಸವೂ ಹೋಯ್ತು... ಕಿವಿ ವಾಪಸ್ ಬರ್ತದಾ?”

“ಹೋದದ್ದು ಬರೂದಿಲ್ಲ, ಉದಯ. ಉಳಿದದ್ದನ್ನ ಉಳಿಸ್ಕೋಬೇಕು.”

ಅವನ ಎಡಗಡೆ ನಿಂತಿದ್ದ ಅವಳು ಕಣ್ಣೊರೆಸಿಕೊಳ್ಳುತ್ತ, ಅತ್ತ ತಿರುಗಿ ಮೆಲ್ಲಗೆ ಏನೋ ಅಂದಳು.

ಅವನ ತುಟಿ ಹಳೇ ಚಾಳಿಯಂತೆ ‘ಹೂಂ’ ಎನ್ನಲು ಹೊರಟಿತು. ತಡೆದುಕೊಂಡ. ಎರಡು ವರ್ಷ ಆಡಲಾಗದ ಮಾತು ಕಡೆಗೂ ಹೊರಬಿತ್ತು.

“ಚೇತನಾ... ನನಗೆ ಕೇಳಿಸಲಿಲ್ಲ.”

ಅವಳು ಸುತ್ತಿ ಬಂದು ಅವನ ಬಲಗಿವಿಯ ಹತ್ತಿರ ಕೂತಳು.

“ಭಾನುವಾರ ಗುಡ್ನಾಪುರದ ಕೆರೆ ಏರಿಗೆ ಬಾ ಅಂದೆ. ಅಪ್ಪನಿಗೆ ಎಲ್ಲ ನಾನೇ ಹೇಳ್ತೇನೆ.”

“ಭಾನುವಾರ... ಗುಡ್ನಾಪುರ... ಕೆರೆ ಏರಿ,” ಅವನು ಒಂದೊಂದೇ ಮಾತು ಎಣಿಸಿ ಹೇಳಿದ. “ಸರಿಯಾಗಿ ಕೇಳಿಸ್ತಾ ನನಗೆ?”

ಅವಳು ಅಳುತ್ತಲೇ ನಕ್ಕಳು.

“ಹೂಂ.”