ಒಂದೇ ಗುರುತಿನ ಎರಡು ಡಿಸ್ಕ್

ಆಂಬುಲೆನ್ಸ್ ನಿಯಂತ್ರಣ ಕೊಠಡಿಯ ಮೇಲ್ವಿಚಾರಕಿ ಬೆಳಿಗ್ಗೆ ಹತ್ತೂಕಾಲಕ್ಕೆ ಠಾಣೆಗೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಕರೆಗಳ ಧ್ವನಿ ದಾಖಲಿಸಿ, ಹತ್ತಿರದ ಗಾಡಿ ಯಾವುದೆಂದು ತೋರಿಸುವ ಯಂತ್ರ ಬೆಳಿಗ್ಗೆಯಿಂದ ಏಳುತ್ತಿಲ್ಲ. ಸಿಬ್ಬಂದಿ ಗೋಡೆಯ ನಕ್ಷೆ ನೋಡಿ ಅಂದಾಜಿನ ಮೇಲೆ ಗಾಡಿ ಕಳಿಸುತ್ತಿದ್ದಾರೆ. ಆಗಲೇ ಒಂದು ಗಾಡಿ ತಪ್ಪು ಬೀದಿಗೆ ಹೋಗಿ ತಿರುಗಿ ಬಂದಿದೆ.

"ಇನ್ನೊಂದು ತಪ್ಪಿದ್ರೆ ಜೀವ ಹೋಗತ್ತೆ ಸರ್. ಯಾರೋ ಬೇಕಂತಲೇ ಮಾಡಿದಾರೆ."

ಅಪರಿಚಿತ ಆರೋಪಿಯ ಮೇಲೆ ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರಿಗೆ ಕಂಪ್ಯೂಟರ್ ವಿದ್ಯೆ ಅಷ್ಟಕ್ಕಷ್ಟೆ. ಠಾಣೆಯವರೆಲ್ಲ 'ಕಂಪ್ಯೂಟರಮ್ಮ' ಎಂದು ರೇಗಿಸುವ ಮಹಿಳಾ ಪೇದೆಯನ್ನು ಜೀಪು ಹತ್ತಿಸಿಕೊಂಡರು.

ನಿಯಂತ್ರಣ ಕೊಠಡಿಯಲ್ಲಿ ಫೋನುಗಳು ಬಾಯಿ ಮುಚ್ಚುತ್ತಿರಲಿಲ್ಲ. ಒಳಕೋಣೆಯಲ್ಲಿ ತಂತ್ರಜ್ಞ ಬೆವರೊರೆಸುತ್ತ ಪರದೆ ತೋರಿಸಿದ. 'ಈ ಗುರುತಿನ ಡಿಸ್ಕ್ ಈಗಾಗಲೇ ಇದೆ' ಎಂಬ ಒಂದೇ ಸಾಲು.

"ಏನಮ್ಮ ಇದು?"

"ಇದು ಕಂಪ್ಯೂಟರೊಳಗಿನ ಕಂಪ್ಯೂಟರ್ ಸರ್," ಎಂದಳು ಪೇದೆ. "ಇದರ ಡಿಸ್ಕ್ ಅನ್ನೋದೂ ಬರೀ ಒಂದು ಫೈಲು. ಅದರೊಳಗೊಂದು ಗುರುತಿನ ಸಂಖ್ಯೆ ಇರತ್ತೆ. ಯಾರೋ ಫೈಲನ್ನ ಹಾಗೇ ನಕಲು ಮಾಡಿದಾರೆ, ಸಂಖ್ಯೆನೂ ನಕಲಾಗಿದೆ. ನಕಲಿ ಮೊದಲು ಒಳಗೆ ಹೋಗಿ ಕೂತಿದೆ. ಈಗ ಅಸಲಿ ಬಂದ್ರೆ, 'ನೀನು ಆಗಲೇ ಒಳಗಿದೀಯಲ್ಲ' ಅಂತ ಬಾಗಿಲಲ್ಲೇ ತಡೀತಿದೆ."

"ಹಾಗಾದ್ರೆ ನಕಲಿನ ಅಳಿಸಿಬಿಡಿ," ಎಂದರು ಮೇಲ್ವಿಚಾರಕಿ.

"ಯಾವುದು ನಕಲಿ?" ಎಂದಳು ಪೇದೆ.

ಹೆಸರು ಒಂದೇ, ಗಾತ್ರವೂ ಒಂದೇ. ಅಸಲಿಯನ್ನೇ ಅಳಿಸಿದರೆ ಕೆಲಸ ಕೆಟ್ಟಿತು. ಹೊರಗೆ ಯಾರೋ "ಉಸಿರಾಡ್ತಿದಾರಾ ನೋಡಿ" ಎಂದು ಫೋನಿನಲ್ಲಿ ಹೇಳುತ್ತಿದ್ದರು.

ಪೇದೆ ಫೈಲುಗಳು ಹುಟ್ಟಿದ ದಿನ ನೋಡಿದಳು. ಒಂದು ಮೂರು ವರ್ಷ ಹಳೆಯದು. ಇನ್ನೊಂದು ಇವತ್ತು ಬೆಳಿಗ್ಗೆ ಆರಕ್ಕೆ, ವಾರದ ತಪಾಸಣೆಗೆ ಯಂತ್ರ ನಿಲ್ಲಿಸಿದ್ದಾಗ ಹುಟ್ಟಿದ್ದು. ಸಾಕ್ಷಿಗೆ ಕರೆದ ಇಬ್ಬರು ಪಂಚರ ಮುಂದೆ ಹಳೇ ಸಂಖ್ಯೆಯನ್ನು ಪಂಚನಾಮೆಗೆ ಬರೆಸಿ, ನಕಲಿಯನ್ನು ಬಿಚ್ಚಿ ಅದಕ್ಕೆ ಹೊಸ ಸಂಖ್ಯೆ ಕೊಟ್ಟಳು. ಅಸಲಿಯನ್ನು ಮತ್ತೆ ಜೋಡಿಸಿದಳು. ಪರದೆ ಕಪ್ಪಾಗಿ ನಿಂತಿತು. ಆಮೇಲೆ ನಕ್ಷೆಯ ಮೇಲೆ ಗಾಡಿಗಳು ಒಂದೊಂದಾಗಿ ಕಾಣಿಸಿಕೊಂಡವು.

"ನಕಲಿಗೆ ಅಂತ ಇನ್ನೊಂದು ಯಂತ್ರ ಮಾಡಿ, ಕರೆ ಕೇಳೋಕೆ ಅದಕ್ಕೆ ಧ್ವನಿ ಸೇರಿಸಿದಾರೆ ಸರ್," ಎಂದಳು ಪೇದೆ. " ಹೋದ ವರ್ಷದ ಒಂದು ದಿನಾಂಕ ಹುಡುಕಿದಾರೆ. ಕರೆ ಮಾತ್ರ ತೆರೆದಿಲ್ಲ."

"ಕದಿಯೋನು ಹೊತ್ಕೊಂಡು ಓಡ್ತಾನೆ. ಇವನು ಇಲ್ಲೇ ಕೂತು ಕೇಳೋಕೆ ಹೊರಟಿದ್ದ," ಎಂದರು ಇನ್ಸ್‌ಪೆಕ್ಟರ್. "ಆ ದಿನ ಏನಾಗಿತ್ತು ಮೇಡಂ?"

ಮೇಲ್ವಿಚಾರಕಿ ತಂತ್ರಜ್ಞನ ಮುಖ ನೋಡಿದರು. "ಇವರ ಅಕ್ಕ ಹೋದ ದಿನ."

"ಆರು ಗಂಟೆಗೆ ಒಳಗಿದ್ದೋರು?"

"ನಾನೇ ಸರ್," ಎಂದ ತಂತ್ರಜ್ಞ.

"ನಕಲು ತೆಗೆಯೋ ಸರಿಯಾದ ದಾರಿ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಹಾಗೆ ತೆಗೆದ್ರೆ ಹೊಸ ಸಂಖ್ಯೆ ಬರತ್ತೆ, ಆದ್ರೆ ದಾಖಲಾಗತ್ತೆ. ಅದಕ್ಕೇ ಸುಮ್ನೆ ಫೈಲನ್ನ ಹಾಗೇ ನಕಲು ಮಾಡಿ ಹಾಕಿದೆ. ಅಷ್ಟರಲ್ಲಿ ಮೇಡಂ ಬಂದ್ರು. ಅವರ ಮುಂದೆ ಸರಿಮಾಡಿದ್ರೆ ನಕಲಿ ಕಾಣತ್ತೆ ಅಂತ ಕೈಕಟ್ಟಿ ನಿಂತೆ."

"ಅಲ್ಲಿ ಜನ ಸಾಯ್ತಿದ್ರೂ?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತು ಸರ್. ಅಮ್ಮ ಇಲ್ಲದ ನನ್ನ ಸಾಕಿದ್ದು ಅಕ್ಕ. ಅವಳು ಫೋನ್ ಮಾಡ್ದಾಗ ನಾನು ಇಲ್ಲೇ, ಈ ಕುರ್ಚೀಲೇ ಇದ್ದೆ. ಯಾಕೆ ಯಾರೂ ಹೇಳ್ಲಿಲ್ಲ? ಆ ಕರೆ ಕೇಳಿಸಿ ಅಂದ್ರೆ ನಿಯಮ ಒಪ್ಪಲ್ಲ ಅಂತಾರೆ. ವರ್ಷ ತುಂಬಿದ ಕರೆ ತಾನಾಗೇ ಅಳಿಸಿಹೋಗತ್ತೆ. ನಾಳೆ ತುಂಬತ್ತೆ."

ಇನ್ಸ್‌ಪೆಕ್ಟರ್ ಪಂಚರನ್ನು ಹತ್ತಿರ ಕರೆದರು. "ಸೀಲ್ ಮಾಡೋ ಮೊದಲು ಒಳಗೇನಿದೆ ಅಂತ ನೋಡಿ ಬರೀಬೇಕಲ್ಲ. ಆ ಕರೆ ಹಾಕಮ್ಮ."

ಏದುಸಿರಿನ ಹೆಣ್ಣುದನಿ ವಿಳಾಸ ಹೇಳಿತು. ಆಮೇಲೆ, "ನನ್ನ ತಮ್ಮ ನಿಮ್ಮಲ್ಲೇ ಕೆಲಸ ಮಾಡ್ತಾನೆ. ಅವನಿಗೆ ಈಗಲೇ ಹೇಳ್ಬೇಡಿ. ಪುಕ್ಕಲ. ಊಟ ಮಾಡ್ಲಿ, ಆಮೇಲೆ ಹೇಳಿ."

"ಆಯ್ತಮ್ಮ, ಹೇಳಲ್ಲ," ಎಂದ ದನಿ ಮೇಲ್ವಿಚಾರಕಿಯದು.

"ಮಾತು ಕೊಟ್ಟಿದ್ದೆ," ಎಂದರು ಅವರು. "ಆಮೇಲೆ ನಿಮಗೆ ಹೇಳೋಕೆ ನನಗೆ ಧೈರ್ಯವೇ ಬರಲಿಲ್ಲ." ತಂತ್ರಜ್ಞ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಮಧ್ಯಾಹ್ನ ಒಂದಕ್ಕೆ ಬಂಧನ ದಾಖಲಾಯಿತು. ಜೀಪಿನ ಬಳಿ ಇನ್ಸ್‌ಪೆಕ್ಟರ್ ಕೇಳಿದರು. "ಊಟ ಆಯ್ತೇನಪ್ಪ?"

"ಇಲ್ಲ ಸರ್."

ಮೇಲ್ವಿಚಾರಕಿ ಒಳಗೆ ಹೋಗಿ ತಮ್ಮ ಊಟದ ಡಬ್ಬಿ ತಂದು ಅವನ ಕೈಗಿಟ್ಟರು. ಅವನು ಉಣ್ಣುವವರೆಗೂ ಜೀಪು ಹೊರಡಲಿಲ್ಲ.