ಹೆಸರಿಡುವ ಹಬ್ಬದ ಜಾಡಿ

ಜಾಡಿಯ ಮುದ್ರೆ ಒಡೆದಿತ್ತು. ಮಗಳಿಗೆ ಹೆಸರಿಡುವ ಹಬ್ಬಕ್ಕೆಂದು ಥ್ರಾಸಿಲ್ಲೋಸ್ ಥಾಸೋಸ್ ದ್ವೀಪದಿಂದ ತರಿಸಿದ್ದ ದ್ರಾಕ್ಷಾರಸ—ಅರ್ಧಕ್ಕರ್ಧ ಖಾಲಿ! ನೆಂಟರು ಸಂಜೆಗೆ ಬರುವವರಿದ್ದರು.

ಚಿಕ್ಕಪ್ಪ ನಿಕೋಸ್ತ್ರಾತೋಸ್ ಅಥೆನ್ಸಿನ ಆ ಮನೆಯ ಅಂಗಳಕ್ಕೆ ಕಾಲಿಟ್ಟಾಗ, ಅಡುಗೆಯ ಗುಲಾಮ ಕಾರಿಯೋನನನ್ನು ಕಂಬಕ್ಕೆ ಕಟ್ಟಿಹಾಕಿದ್ದರು.

"ಕದ್ದು ಕುಡಿದಿದ್ದಾನೆ, ಚಿಕ್ಕಪ್ಪ," ಎಂದ ಥ್ರಾಸಿಲ್ಲೋಸ್. "ಮಧ್ಯಾಹ್ನ ದಲ್ಲಾಳಿ ಬರ್ತಾನೆ. ಲೌರಿಯೋನಿನ ಗಣಿಗೆ ಮಾರಿಬಿಡ್ತೀನಿ."

ಆ ಬೆಳ್ಳಿ ಗಣಿಗೆ ಇಳಿದವರು ಮತ್ತೆ ಬಿಸಿಲು ಕಾಣುವುದು ಅಪರೂಪ. ಯುದ್ಧದಲ್ಲಿ ಸೆರೆಸಿಕ್ಕು ಕೆಲವು ವರ್ಷ ಸ್ಪಾರ್ಟಾದಲ್ಲಿ ಕಳೆದುಬಂದವನು ಮುದುಕ ನಿಕೋಸ್ತ್ರಾತೋಸ್; ಕಟ್ಟಿಹಾಕಿದ ಮನುಷ್ಯನನ್ನು ಕಂಡು ಸುಮ್ಮನೆ ಮುಂದೆ ಹೋಗುವುದು ಅವನಿಂದಾಗದು.

"ಇವನು ಕುಡಿದದ್ದನ್ನ ಕಂಡೋರು ಯಾರು?"

"ಕಾಣೋದೇನು ಬಂತು? ಮನೆಯಾಳುಗಳೆಲ್ಲರ ಬಾಯಿ ಮೂಸಿದೆ. ಇವನೊಬ್ಬನ ಬಾಯಿ ಬೆಳ್ಳುಳ್ಳಿ ನಾರ್ತಿತ್ತು. ವಾಸನೆ ಮುಚ್ಚೋಕೆ ತಿಂದಿದ್ದಾನೆ, ಕಳ್ಳ!"

"ಅಡುಗೆಯವನು ಬೆಳ್ಳುಳ್ಳಿ ತಿನ್ನದೆ ಗುಲಾಬಿ ತಿಂತಾನೇನೋ?"

"ನಾನು ಮುಟ್ಟಿಲ್ಲ ಧಣಿ," ಎಂದು ಕಾರಿಯೋನ್ ಬಿಕ್ಕಿದ. "ಕೈ ಬಿಚ್ಚಿದ್ರೆ ನಿಮ್ಮ ಮೊಣಕಾಲು ಹಿಡಿದು ಬೇಡ್ಕೊಳ್ತಿದ್ದೆ."

ಮೂಲೆಯಲ್ಲಿ ತಲೆ ಹಿಡಿದು ಕುಳಿತಿದ್ದ ಥ್ರಾಸಿಲ್ಲೋಸನ ಭಾವಮೈದುನ ದೆಮೋಫೋನನತ್ತ ಮುದುಕ ತಿರುಗಿದ. ಕುಡಿತಕ್ಕೆ ಹೆಸರಾದ ಆಸಾಮಿ.

"ನೀನೇನಪ್ಪಾ?"

"ನಾನಾ? ನನ್ನ ಕೈಗೆ ಸಿಕ್ಕಿದ್ರೆ ಅರ್ಧ ಉಳೀತಿತ್ತಾ, ಯಜಮಾನ್ರೇ? ನಿನ್ನೆಯೆಲ್ಲ ಬಂದರಿನ ಪಡಖಾನೆಯಲ್ಲಿ ಬಿದ್ದಿದ್ದೆ. ಊರಿಗೆಲ್ಲ ಗೊತ್ತು!"

ನಂಬುವಂಥ ಮಾತೇ. ನಿಕೋಸ್ತ್ರಾತೋಸ್ ಉಗ್ರಾಣಕ್ಕೆ ಹೋದ. ಕುಡಿಯುವ ಮುನ್ನ ದ್ರಾಕ್ಷಾರಸಕ್ಕೆ ನೀರು ಬೆರೆಸುವ ದೊಡ್ಡ ಬೋಗುಣಿ ಒಣಗಿತ್ತು. ಬಟ್ಟಲುಗಳ ಮೇಲೆ ತೆಳುವಾಗಿ ಧೂಳು ಕೂತಿತ್ತು. ಬಟ್ಟಲೂ ಇಲ್ಲದೆ, ನೀರೂ ಬೆರೆಸದೆ ಅಷ್ಟನ್ನು ಗಟಗಟ ಕುಡಿದವನು ಬೆಳಗ್ಗೆ ನೆಟ್ಟಗೆ ನಿಂತು ಒಲೆ ಹಚ್ಚಿಯಾನೇ? ಅಂಗಳದ ಬಾವಿಯ ಬಳಿ ಮಣ್ಣಿನ ತೊಟ್ಟಿಯೊಂದು ಬೋರಲು ಬಿದ್ದಿತ್ತು. ಅದರ ಸುತ್ತ ಕಣಜಗಳು ಗುಂಯ್ಗುಡುತ್ತಿದ್ದವು.

"ಇದು ಯಾರದು?"

"ಮಗುವಿಗೆ ಸ್ನಾನ ಮಾಡಿಸೋದು. ಅದಕ್ಕೂ ಇದಕ್ಕೂ ಎಲ್ಲಿಯ ಸಂಬಂಧ, ಚಿಕ್ಕಪ್ಪ?"

"ದಾದಿ ಯಾವೂರೋಳು?"

"ಸ್ಪಾರ್ಟಾದ ಕಡೆಯವಳು, ಖಿಲೋನಿಸ್ ಅಂತ. ಮಕ್ಕಳನ್ನ ಗಟ್ಟಿಮುಟ್ಟಾಗಿ ಬೆಳೆಸೋದ್ರಲ್ಲಿ ಅವರನ್ನ ಬಿಟ್ಟರಿಲ್ಲ ಅಂತಾರಲ್ಲ. ಅವಳನ್ನೂ ಕೇಳಿದೆ—ಕುಡಿದ್ಯಾ ಅಂತ. ಇಲ್ಲ ಅಂದ್ಲು."

"ಕುಡಿದ್ಯಾ ಅಂತ ಮಾತ್ರ ಕೇಳಿದೆ ನೀನು. ಹ್ಞೂಂ. ಮಗೂನ ತರಿಸು."

ಖಿಲೋನಿಸ್ ಮಹಡಿಯ ಒಳಮನೆಯಿಂದ ಇಳಿದು ಬಂದಳು. ಈ ಊರಿನ ಹೆಂಗಸರಂತೆ ತಲೆ ತಗ್ಗಿಸದೆ, ಗಂಡಸರ ಮುಖವನ್ನೇ ನೋಡುತ್ತ ನಿಂತಳು. ಮುದುಕ ಬಾಗಿ ಕೂಸಿನ ನೆತ್ತಿ ಮೂಸಿದ. ನಗುವೂ ಬಂತು, ಸಿಟ್ಟೂ ಬಂತು.

"ಮನೆಮಂದಿಯ ಬಾಯೆಲ್ಲ ಮೂಸಿದೆ, ಥ್ರಾಸಿಲ್ಲೋಸ್. ನಿನ್ನ ಮಗಳ ತಲೆ ಮೂಸಲಿಲ್ಲ!"

"ಅಂದ್ರೆ?"

"ದ್ರಾಕ್ಷಾರಸ ಇರೋದೇ ಕುಡಿಯೋಕೆ ಅಂದ್ಕೊಂಡವರು ನಾವು. ಅದಕ್ಕೇ ನೀನು ಕುಡುಕನನ್ನ ಹುಡುಕಿದೆ. ಸ್ಪಾರ್ಟಾದಲ್ಲಿ ಹಸುಗೂಸಿಗೆ ನೀರೆರೆಯಲ್ಲ, ಕೂಸು ಗಟ್ಟಿಯೋ ಅಲ್ವೋ ನೋಡೋಕೆ ದ್ರಾಕ್ಷಾರಸ ಎರೀತಾರೆ. ಕಣಜಗಳಿಗೆ ಗೊತ್ತಾಗಿದ್ದು ನಿನಗೆ ಗೊತ್ತಾಗಲಿಲ್ಲ. ಮುದ್ರೆ ಒಡೆದವಳು ಇವಳು."

"ನಾನೇ," ಎಂದಳು ಖಿಲೋನಿಸ್. "ಕೂಸು ಗಟ್ಟಿ ಇದೆ. ನನ್ನ ಮುಖಕ್ಕೇ ಒದ್ದಳು."

"ಮತ್ತೆ ಬಾಯಿ ಬಿಡೋಕೇನಾಗಿತ್ತು?" ಥ್ರಾಸಿಲ್ಲೋಸ್ ಕೂಗಿದ.

"ಕುಡಿದ್ಯಾ ಅಂದ್ರಿ. ಕುಡಿದಿಲ್ಲ. ಆಮೇಲೆ ಮಹಡಿ ಇಳೀಬೇಡ ಅಂದವರೂ ನೀವೇ. ಇವನನ್ನ ಕಟ್ಟಿದ್ದು ನಾನು ಈಗ ನೋಡ್ತಿದ್ದೀನಿ."

ಥ್ರಾಸಿಲ್ಲೋಸನ ಮುಖ ಸಪ್ಪಗಾಯಿತು. ಹಗ್ಗ ಬಿಚ್ಚಿದ, ಗುಲಾಮನ ಕ್ಷಮೆ ಕೇಳಲು ಮಾತ್ರ ನಾಲಗೆ ಏಳಲಿಲ್ಲ. ನಿಕೋಸ್ತ್ರಾತೋಸನಿಗೆ ತನ್ನ ಊರಿನ ಬಗ್ಗೆಯೇ ನಾಚಿಕೆಯಾಯಿತು. ಸ್ಪಾರ್ಟಾದಲ್ಲಿ ಹೊಲ ಆಳುವ ಹೆಂಗಸರನ್ನು ಕಂಡಿದ್ದ, ಗಂಡಸರಿಗೆ ಎದುರು ಮಾತಾಡುವುದನ್ನು ಕೇಳಿದ್ದ. ಅಲ್ಲಾದರೂ ನ್ಯಾಯ ಬೇರೆ ಇದ್ದೀತೆಂಬ ಆಸೆಯಿಂದ ಕೇಳಿದ:

"ನಿಮ್ಮೂರಲ್ಲಾಗಿದ್ರೆ ಇವನಿಗೆ ಏನಾಗ್ತಿತ್ತಮ್ಮಾ?"

ಖಿಲೋನಿಸ್ ಕೂಸನ್ನು ಹೆಗಲಿಗೆ ಹಾಕಿಕೊಂಡಳು.

"ನಮ್ಮ ಹೊಲದ ಗುಲಾಮರ ಬಾಯಿ ಯಾರು ಮೂಸ್ತಾರೆ? ಅನುಮಾನ ಬಂದ್ರೆ ಸಾಕು. ಇಷ್ಟೊತ್ತಿಗೆ ಕೊಂದಿರ್ತಿದ್ರು."

ಕಾರಿಯೋನ್ ಮಣಿಕಟ್ಟು ತಿಕ್ಕಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಕೇಳಿದ:

"ಸಂಜೆಗೆ ಎಷ್ಟು ಜನಕ್ಕೆ ಅಡುಗೆ, ಧಣಿ?"